ಸುವರ್ಣಗೆಡ್ಡೆ ಸತ್ತುಹೋಯ್ತಾ?

ಡಿಸೆಂಬರ್ ಬಂತೆಂದರೆ ನನ್ನ ಫೋನಿಗೆ ಫೋಟೊಗಳು ಬರಲು ಶುರು. ಮಗುಚಿ ಬಿದ್ದ ಹಳದಿ ಎಲೆ, ಮೆತ್ತಗಾದ ದಂಟು. ಜೊತೆಗೆ ಒಂದೇ ಪ್ರಶ್ನೆ: "ಸುವರ್ಣಗೆಡ್ಡೆ ಸತ್ತುಹೋಯ್ತಾ? ನೀರು ಸಾಲಲಿಲ್ವಾ?" ನನ್ನಿಂದ ಗೆಡ್ಡೆ ಒಯ್ದು ನೆಟ್ಟವರೇ ಜಾಸ್ತಿ ಕೇಳುತ್ತಾರೆ.

ಸತ್ತಿಲ್ಲ. ನೀರು ಮಾತ್ರ ಹಾಕಬೇಡಿ.

ಹಾಕಿ ಕೆಟ್ಟವರಲ್ಲಿ ನಾನೂ ಒಬ್ಬಳು. ಮೊದಲ ವರ್ಷ ಗಿಡ ಬಾಡಿತಲ್ಲ ಎಂದು ಜನವರಿ ಪೂರ್ತಿ ದಿನಾ ಒಂದು ಬಿಂದಿಗೆ ಸುರಿದೆ. ಕೊನೆಗೆ ಅಗೆದು ನೋಡಿದರೆ ಕೊಳೆತ ಮುದ್ದೆ.

ನಾವು ಕಾಂಡ ಅಂದುಕೊಳ್ಳುವ ಆ ಚುಕ್ಕೆ ಚುಕ್ಕೆ ದಂಟು ಕಾಂಡವೇ ಅಲ್ಲ, ಎಲೆಯ ತೊಟ್ಟು. ಕೊಡೆ ಬಿಚ್ಚಿದ ಹಾಗೆ ಕಾಣುವುದೆಲ್ಲ ಸೇರಿ ಒಂದೇ ಎಲೆ. ನಿಜವಾದ ಕಾಂಡ ಮಣ್ಣೊಳಗಿನ ಗೆಡ್ಡೆ. ಮಳೆಗಾಲವಿಡೀ ಎಲೆ ದುಡಿದದ್ದು ಕೆಳಗಿಳಿಯುತ್ತದೆ. ನಾವು ನೆಟ್ಟ ಹಳೇ ತುಂಡು ಸೊರಗಿ, ಅದರ ಮೇಲೆ ಹೊಸ ಗೆಡ್ಡೆ ಕಟ್ಟುತ್ತದೆ. ಎಂಟು-ಒಂಬತ್ತು ತಿಂಗಳಾದ ಮೇಲೆ ಎಲೆ ಮಲಗಿತು ಅಂದರೆ ಕೀಳುವ ಹೊತ್ತು ಬಂತು ಅಂತಲೇ ಅರ್ಥ. ಆಗಸ್ಟಿನಲ್ಲೇ ಬಿದ್ದರೆ ಮಾತು ಬೇರೆ. ಬುಡದಲ್ಲಿ ನೀರು ನಿಂತು ಕೊಳೆರೋಗ ಹತ್ತಿರಬಹುದು, ನೋಡಿ.

ಕೀಳದೆ ಬಿಟ್ಟರೆ? ಇರಲಿ ಬಿಡಿ. ಮುಂಗಾರು ಹತ್ತಿರ ಬಂದಾಗ ತಾನಾಗಿ ಮೊಳಕೆ ಬರುತ್ತದೆ, ಗೆಡ್ಡೆ ಇನ್ನೂ ದೊಡ್ಡದಾಗುತ್ತದೆ. ನಾಲ್ಕೈದು ವರ್ಷ ಮರೆತರೆ ಒಂದು ದಿನ ಎಲೆಗಿಂತ ಮೊದಲು ಹೂ ಬರಬಹುದು. ಕಡುಗೆಂಪು, ಗಿಡ್ಡ, ಕೊಳೆತ ಮಾಂಸದ ವಾಸನೆ. ನೊಣಗಳನ್ನು ಕರೆಯಲು ಅದರ ಉಪಾಯ. ಮೊದಲ ಸಲ ಬಂದಾಗ ನಾವು ಎರಡು ದಿನ ಸತ್ತ ಇಲಿ ಹುಡುಕಿದೆವು. ಅಟ್ಟ, ಕೊಟ್ಟಿಗೆ, ಸೌದೆ ರಾಶಿ, ಒಂದೂ ಬಿಡಲಿಲ್ಲ.

ಕಿತ್ತವರು ಸ್ವಲ್ಪ ಬಿತ್ತನೆಗೆ ಇಟ್ಟುಕೊಳ್ಳಿ. ಗೆಡ್ಡೆಯ ತಲೆಯ ನಡುವೆ ಗುಳಿಯಲ್ಲಿ ಮೊಗ್ಗು ಇರುತ್ತದೆ. ಪ್ರತಿ ತುಂಡಿಗೂ ಅದರ ಚೂರು ಸಿಗಬೇಕು, ತೂಕ ಅರ್ಧ ಕಿಲೋಗೆ ಕಡಿಮೆ ಬೇಡ. ಸಗಣಿ ಬಗ್ಗಡದಲ್ಲಿ ಅದ್ದಿ ನೆರಳಲ್ಲಿ ಒಣಗಿಸಿ. ಮಾರ್ಚ್-ಏಪ್ರಿಲ್‌ನಲ್ಲಿ ಎರಡಡಿ ಅಗಲ, ಒಂದೂವರೆ ಅಡಿ ಆಳದ ಗುಂಡಿಗೆ ಗೊಬ್ಬರ, ತರಗೆಲೆ ತುಂಬಿ ನೆಡಿ. ಗುಂಡಿಯಿಂದ ಗುಂಡಿಗೆ ಮೂರಡಿ. ಜಾಗ ಇಲ್ಲದವರಿಗೆ ದೊಡ್ಡ ಚೀಲವೂ ಆಗುತ್ತದೆ. ತುರಿಕೆಯ ಭಯವಿದ್ದರೆ ಗಜೇಂದ್ರ ತಳಿ ತನ್ನಿ. ನನಗೆ ನಾಟಿಯೇ ಇಷ್ಟ. ಹೆಚ್ಚುವಾಗ ಕೈಗೆ ಎಣ್ಣೆ, ಬೇಯುವಾಗ ಹುಳಿ, ಅಷ್ಟೇ.

ಹೆಗ್ಗೆಣಸಿನ ಕತೆಯೂ ಇದೇ. ಮಳೆ ಹೋದ ಮೇಲೆ ಬಳ್ಳಿ ಒಣಗುತ್ತದೆ, ಕೆಳಗೆ ಗೆಣಸು ಬಲಿತಿರುತ್ತದೆ. ಕೊಡಗಿನಲ್ಲಿ ಪುತ್ತರಿ ಹಬ್ಬಕ್ಕೆ ಗೆಣಸು ಬೇಯುವುದೂ ಆ ಹೊತ್ತಿಗೇ. ಅಗೆದು ಕೆಳಭಾಗ ಅಡುಗೆಮನೆಗೆ ಒಯ್ಯಿರಿ, ತಲೆಭಾಗವನ್ನು ಅದೇ ಗುಂಡಿಗೆ ವಾಪಸ್ ಇಡಿ. ನಮ್ಮ ಹಲಸಿನ ಮರಕ್ಕೆ ಹೀಗೇ ಒಂದೇ ಬಳ್ಳಿ ವರ್ಷವರ್ಷವೂ ಹತ್ತುತ್ತಿದೆ. ಕೆಸು ಮಾತ್ರ ಈ ಮಾತು ಕೇಳುವುದಿಲ್ಲ. ಬಚ್ಚಲ ನೀರು ಹರಿಯುವಲ್ಲಿ ಇದ್ದರೆ ಬೇಸಿಗೆಯಲ್ಲೂ ಹಸಿರಾಗೇ ಇರುತ್ತದೆ.

ನಿಜವಾದ ತೊಂದರೆ ಯಾವುದು ಗೊತ್ತಾ? ಎಲೆ ಮಣ್ಣಾದ ಮೇಲೆ ಗೆಡ್ಡೆ ಎಲ್ಲಿತ್ತು ಅಂತ ಮರೆತುಹೋಗುತ್ತದೆ. ಆಮೇಲೆ ಅಲ್ಲೇ ಗುದ್ದಲಿ ಹಾಕುತ್ತೇವೆ. ಹಾಗಾಗಿ ಎಲೆ ಬಿದ್ದ ದಿನವೇ ಪಕ್ಕಕ್ಕೆ ಒಂದು ಕೋಲು ಊರಿ. ಮುಳ್ಳುಹಂದಿಗೆ ಆ ಕೋಲೂ ಬೇಡ, ಮೂಗೇ ಸಾಕು. ಹೋದ ವರ್ಷ ಒಂದು ರಾತ್ರಿಯಲ್ಲಿ ಮೂರು ಗುಂಡಿ ಖಾಲಿ ಮಾಡಿತು. ಸುಮ್ನೆ ಮಣ್ಣು ಮುಚ್ಚಿ ಬಂದಿದ್ದೆ. ಜೂನ್‌ನಲ್ಲಿ ನೋಡಿದರೆ, ಅದು ತಿಂದು ಬಿಟ್ಟ ಚೂರು ಒಂದು ಗುಂಡಿಯಲ್ಲಿ ಚಿಗುರಿ ನಿಂತಿತ್ತು.