ಆಟೋದಲ್ಲಿ ಕೂತೇ 212 ಹೆಜ್ಜೆ

ಕೋಲಾರದ ನಮ್ಮ ಮನೆ ಮಹಡಿ ಮೇಲೆ ಪ್ರತಿ ಭಾನುವಾರ ಆರು ಮಕ್ಕಳಿಗೆ ಕೋಡಿಂಗ್ ಹೇಳಿಕೊಡುತ್ತೇನೆ. ಈ ಸಲ ಮೈಕ್ರೋಬಿಟ್ ಅನ್ನೋ ಚಿಕ್ಕ ಕಂಪ್ಯೂಟರ್ ತಂದಿದ್ದೆ. ಬೆಂಕಿಪೊಟ್ಟಣದಷ್ಟು ಬೋರ್ಡು, 25 ಪುಟ್ಟ ದೀಪ, ಎರಡು ಗುಂಡಿ. 2016ರಲ್ಲಿ ಬಿಬಿಸಿಯವರು ಬ್ರಿಟನ್ನಿನ ಶಾಲೆ ಮಕ್ಕಳಿಗೆ ಹಂಚಿದ್ದು ಇದನ್ನೇ.

ಅಲುಗಾಡಿದಾಗ ಲೆಕ್ಕಕ್ಕೆ ಒಂದು ಸೇರಿಸು, ತೋರಿಸು. ಪರದೆ ಮೇಲೆ ಇಂಥ ಆದೇಶಗಳ ನಾಲ್ಕು ಬ್ಲಾಕ್ ಜೋಡಿಸಿದರೆ ಹೆಜ್ಜೆ ಎಣಿಸುವ ಯಂತ್ರ ರೆಡಿ. ಹಳೇ ಸಾಕ್ಸ್ ಕತ್ತರಿಸಿ ಕಾಲಿಗೆ ಕಟ್ಟಿಕೊಂಡು ಅಂತರಗಂಗೆ ಬೆಟ್ಟದ ಮೆಟ್ಟಿಲು ಹತ್ತಿದೆವು. ಬ್ಯಾಟರಿ ಡಬ್ಬಿ ಜಾರುತ್ತಲೇ ಇತ್ತು. ಮಂಗಗಳ ಕಾಟ ಬೇರೆ. ಒಬ್ಬ ಮಹಾಶಯ ಕೆಳಗೇ ಕೂತು ಕಾಲು ಅಲ್ಲಾಡಿಸಿ ನಮಗಿಂತ ಜಾಸ್ತಿ ಲೆಕ್ಕ ತೋರಿಸಿದ!

ಬೋರ್ಡನ್ನು ಮನೆಗೆ ಒಯ್ದಿದ್ದ ಹುಡುಗಿ ಮುಂದಿನ ವಾರ ಬಂದು, "ಮಿಸ್, ಆಟೋದಲ್ಲಿ ಸುಮ್ನೆ ಕೂತಿದ್ದೆ, 212 ಹೆಜ್ಜೆ ಆಗೋಯ್ತು" ಅಂದಳು. ರಸ್ತೆ ಗುಂಡಿಗಳನ್ನೂ ಎಣಿಸಿತ್ತು, ಪಾಪ.

ನನಗೆ ಖುಷಿಯಾಗಿದ್ದು ಇಲ್ಲೇ. ಬೋರ್ಡನ್ನು ಮೇಜಿನ ಮೇಲಿಟ್ಟು ಅದರ ವೇಗೋತ್ಕರ್ಷ, ಅಂದರೆ ವೇಗ ಎಷ್ಟು ಬೇಗ ಬದಲಾಗುತ್ತಿದೆ ಅನ್ನೋ ಅಳತೆ, ನೋಡಿದೆವು. ಅಲುಗಾಡದಿದ್ದರೂ ಬೋರ್ಡು ತೋರಿಸುವ ಅಂಕಿ 1000ದ ಆಸುಪಾಸು. ಅದು ಭೂಮಿಯ ಎಳೆತ, ಅಲ್ವಾ? ಹೆಜ್ಜೆ ಊರಿದಾಗ ಅದಕ್ಕಿಂತ ಮೇಲೆ ಹಾರುತ್ತದೆ. ಎಷ್ಟು ದಾಟಿದರೆ ಹೆಜ್ಜೆ? 1300 ಅಂತ ಒಬ್ಬ, 1800 ಅಂತ ಇನ್ನೊಬ್ಬಳು. ಜಗಳವಾಡಿ, ನಡೆದು ನೋಡಿ, 1500ಕ್ಕೆ ಒಪ್ಪಿದರು. ಒಮ್ಮೆ ಎಣಿಸಿದ ಮೇಲೆ 300 ಮಿಲಿಸೆಕೆಂಡ್ ಸುಮ್ಮನಿರಲು ಹೇಳಿದೆವು. ಆಟೋ ಕಾಟ ಪೂರ್ತಿ ಹೋಗಿಲ್ಲ, ಕಡಿಮೆಯಾಗಿದೆ.

ಆ ಹುಡುಗಿ ಈಗ ಬೋರ್ಡನ್ನು ಅಜ್ಜಿ ಕಾಲಿಗೆ ಕಟ್ಟಿದ್ದಾಳೆ. ಡೈರಿಗೆ ಹಾಲು ಹಾಕಿ, ಹಸುಗೆ ಮೇವು ತರುವಷ್ಟರಲ್ಲಿ ಅಜ್ಜಿ ನಮ್ಮೆಲ್ಲರನ್ನೂ ಹಿಂದೆ ಹಾಕಿರುತ್ತಾರೆ.