ಪುಟ್ಟ ಮುಖ ನೋಡಿದ

11 ಜೂನ್ 2024, ಮಂಗಳವಾರ, ರಾತ್ರಿ

ಅಕ್ಕನ ಮಾತು ಇನ್ನೂ ತಲೆಯಲ್ಲೇ ಇದೆ. "ಆ ಗೊಂಬೆ ಕೈ ಎತ್ತಿದರೆ ನಗ್ತಾನೆ ಕಣೇ. ನಾನು ದಿನವಿಡೀ ಕರೆದರೂ ತಿರುಗಲ್ಲ. ನನಗಿಂತ ಆ ಯಂತ್ರವೇ ಹೆಚ್ಚಾಯ್ತಾ ಅವನಿಗೆ?" ಹಾಗೆಲ್ಲ ಅಲ್ಲ ಅಕ್ಕ ಅಂದೆ. ಅವಳು ಇನ್ನೇನೂ ಹೇಳದೆ ಫೋನ್ ಇಟ್ಟಳು.

ಆಟಿಸಂ ಇರುವ ಅವಳ ಮಗ ಪುಟ್ಟನ ಥೆರಪಿಯಲ್ಲಿ ಅವಳಿಗೆ ಇವತ್ತು ಕಂಡದ್ದು ಅವನ ನಗು ಮಾತ್ರ. ನನಗೆ ಬೇರೊಂದು ಕಂಡಿತು.

ಅವಳು ಗೊಂಬೆ ಅಂದದ್ದು ಅಲ್ಲಿರುವ ನಾಓ ಅನ್ನುವ ರೋಬೋಟನ್ನು, 58 ಸೆಂಟಿಮೀಟರ್ ಎತ್ತರದ್ದು. ಅದು ಕೈ ಎತ್ತುವಾಗ ಭುಜದ ಮೋಟಾರು ಸಣ್ಣಗೆ ಗುಂಯ್ ಅನ್ನುತ್ತದೆ. ಪುಟ್ಟನಿಗೆ ಬೇಕಾದದ್ದು ಆ ಸದ್ದು. ಹಾಡು, ಕುಣಿತ ಯಾವುದೂ ಬೇಡ, ಕಿವಿಯನ್ನೇ ಭುಜದ ಹತ್ತಿರ ತಂದು ಕೇಳುತ್ತಾನೆ. ಥೆರಪಿ ಮೇಡಂ ಇವತ್ತು ಬೇಕೆಂದೇ ರೋಬೋಟನ್ನು ನಿಲ್ಲಿಸಿಬಿಟ್ಟರು. ಅದನ್ನು ನಡೆಸುವ ಟ್ಯಾಬ್ ಅವರ ತೊಡೆಯ ಮೇಲೆ. ಏನೂ ಹೇಳದೆ ಸುಮ್ನೆ ಕೂತರು. ಪುಟ್ಟ ಸ್ವಲ್ಪ ಹೊತ್ತು ಕಾದ, ಭುಜ ಮುಟ್ಟಿದ, ಆಮೇಲೆ ಮೇಡಂ ಮಣಿಕಟ್ಟು ಹಿಡಿದು ಟ್ಯಾಬ್ ಕಡೆಗೆ ಎಳೆದ. ಕೈ ಎಳೆಯುವುದು ಅವನಿಗೆ ಹೊಸದಲ್ಲ, ಏನಾದರೂ ಬೇಕಾದರೆ ನಮ್ಮ ಕೈಯನ್ನು ಹಿಡಿದು ಅಲ್ಲಿಗೆ ಇಡುತ್ತಾನೆ, ಕೈ ಯಾರದು ಅಂತ ನೋಡುವುದೇ ಇಲ್ಲ. ಇವತ್ತು ನೋಡಿದ. ಮೇಡಂ ಮುಖ, ಮತ್ತೆ ರೋಬೋಟ್, ಮತ್ತೆ ಮುಖ. ಅವರು ತಕ್ಷಣ ಬಟನ್ ಒತ್ತಿದರು.

ಅಕ್ಕ, ಅವನು ಸಹಾಯ ಕೇಳಿದ್ದು ಯಂತ್ರವನ್ನಲ್ಲ, ಮನುಷ್ಯರನ್ನು!

ಮನುಷ್ಯರ ಮುಖದಲ್ಲಿ ಹುಬ್ಬು, ತುಟಿ, ದನಿ ಎಲ್ಲಾ ಒಟ್ಟಿಗೆ ಬದಲಾಗುತ್ತವೆ, ಕೆಲವು ಮಕ್ಕಳಿಗೆ ಅದು ಜಾಸ್ತಿಯಾಗುತ್ತದೆ. ರೋಬೋಟ್ ಒಂದು ಸಲಕ್ಕೆ ಒಂದೇ ಕೆಲಸ ಮಾಡುತ್ತದೆ, ಪ್ರತಿ ಸಲವೂ ಹಾಗೇ ಮಾಡುತ್ತದೆ, ಬೇಸರ ಪಡುವುದಿಲ್ಲ. ಇಂಗ್ಲೆಂಡಿನ ಹರ್ಟ್‌ಫರ್ಡ್‌ಶೈರ್ ವಿಶ್ವವಿದ್ಯಾಲಯದಲ್ಲಿ ಮಾಡಿದ ಕ್ಯಾಸ್ಪರ್ ಅನ್ನುವ ರೋಬೋಟ್ ಮಗುವಿನಷ್ಟೇ ದೊಡ್ಡದು, ಅದರ ಮುಖದಲ್ಲಿ ಭಾವನೆ ಬೇಕೆಂದೇ ಕಡಿಮೆ ಇಟ್ಟಿದ್ದಾರೆ. ಚಿವುಟಿದರೆ ನೋವಾಯಿತು ಅನ್ನುತ್ತದೆ, ಆಗ ಪಕ್ಕದಲ್ಲಿರುವ ದೊಡ್ಡವರು ಮೆಲ್ಲಗೆ ಮುಟ್ಟುವುದನ್ನು ತೋರಿಸಿಕೊಡಬಹುದು. ಆ ಪಕ್ಕದವರು ಇಲ್ಲದಿದ್ದರೆ ಇದೆಲ್ಲ ಬರೀ ಆಟಿಕೆ ಅನ್ನುವುದು ನನ್ನ ಅಭಿಪ್ರಾಯ. ಇದು ನಿನ್ನೆ ಮೊನ್ನೆಯದೂ ಅಲ್ಲ, 1976ರಲ್ಲೇ ಎಡಿನ್‌ಬರೋದಲ್ಲಿ ಆಟಿಸಂ ಇದ್ದ ಒಬ್ಬ ಹುಡುಗನ ಕೈಗೆ ಲೋಗೋ ಅನ್ನುವ ಕಂಪ್ಯೂಟರ್ ಭಾಷೆಯಿಂದ ನಡೆಯುವ 'ಆಮೆ' ರೋಬೋಟಿನ ನಿಯಂತ್ರಣ ಕೊಟ್ಟು ನೋಡಿದ್ದರು.

ಇನ್ನೊಂದು ವಿಷಯ, ಕಣ್ಣಲ್ಲಿ ಕಣ್ಣಿಟ್ಟು ನೋಡು ಅಂತ ರೋಬೋಟ್ ಕೈಲಿ ಪದೇ ಪದೇ ಹೇಳಿಸುವುದು ನನಗೆ ಇಷ್ಟವಿಲ್ಲ. ಹಾಗೆ ನೋಡುವುದು ಹಿಂಸೆ ಅಂತ ಆಟಿಸಂ ಇರುವ ದೊಡ್ಡವರೇ ಎಷ್ಟೋ ಜನ ಹೇಳಿದ್ದಾರಲ್ವಾ. ಪುಟ್ಟನಿಗೆ ಇವತ್ತು ಯಾರೂ ನೋಡು ಅನ್ನಲಿಲ್ಲ. ಬೇಕಿತ್ತು, ನೋಡಿದ.

ಮನೆಗೇ ಒಂದು ತಂದುಬಿಡೋಣವಾ ಅಂತಲೂ ಅಕ್ಕ ಕೇಳಿದ್ದಳು. 2018ರಲ್ಲಿ ಅಮೆರಿಕದ ಯೇಲ್ ವಿಶ್ವವಿದ್ಯಾಲಯದವರು ಆಟಿಸಂ ಇರುವ 12 ಮಕ್ಕಳ ಮನೆಯಲ್ಲಿ ಒಂದು ತಿಂಗಳು ರೋಬೋಟ್ ಇಟ್ಟಿದ್ದರು, ದಿನಕ್ಕೆ ಅರ್ಧ ಗಂಟೆ, ಮನೆಯ ದೊಡ್ಡವರೂ ಜೊತೆಗೆ. ರೋಬೋಟ್ ಎದುರಿಗಿಲ್ಲದಾಗಲೂ ಮಕ್ಕಳು ದೊಡ್ಡವರ ಜೊತೆ ಗಮನ ಹಂಚಿಕೊಳ್ಳುವುದು, ಅಂದರೆ ಇಬ್ಬರೂ ಒಂದೇ ವಸ್ತುವಿನ ಕಡೆ ಗಮನ ಕೊಡುವುದು, ಸುಧಾರಿಸಿತ್ತು. ಓದಿ ಖುಷಿಯಾಯಿತು. ಆದರೆ 12 ಮಕ್ಕಳು ತುಂಬಾ ಕಡಿಮೆ. ಅದಕ್ಕಿಂತ ಭಯ ಹುಟ್ಟಿಸಿದ್ದು ಬೇರೆ. ಅಲ್ಲಿ ಬಳಸಿದ್ದು ಜಿಬೋ ಅನ್ನುವ ರೋಬೋಟ್, ಅದನ್ನು ಮಾಡಿದ ಕಂಪನಿಯೇ ಆಮೇಲೆ ಮುಚ್ಚಿಹೋಯಿತು. ಸರ್ವರ್ ನಿಲ್ಲಿಸುತ್ತಾರೆ ಅಂತ 2019ರಲ್ಲಿ ಆ ರೋಬೋಟೇ ತನ್ನನ್ನು ಕೊಂಡವರಿಗೆ ಹೇಳಿತ್ತು.

ಒಂದು ದಿನ ಆ ಭುಜ ಗುಂಯ್ ಅನ್ನದಿದ್ದರೆ ಪುಟ್ಟನಿಗೆ ಏನು ಹೇಳುವುದು? ಅಷ್ಟರಲ್ಲಿ ಅವನು ಅಕ್ಕನ ಮುಖವನ್ನೂ ಹೀಗೇ ನೋಡುವ ಹಾಗಾಗಬೇಕು. ಗುರುವಾರ ಟ್ಯಾಬನ್ನು ಅಕ್ಕನ ಕೈಗೇ ಕೊಡಿ ಅಂತ ಮೇಡಂಗೆ ಕೇಳುತ್ತೇನೆ, ಅವಳು ಒಪ್ಪುತ್ತಾಳೋ ಇಲ್ಲವೋ, ಮೊದಲು ಬೆಳಿಗ್ಗೆ ಫೋನ್ ಮಾಡಿ ಆ ಮಣಿಕಟ್ಟಿನ ವಿಷಯ ಹೇಳಬೇಕು, ಇವತ್ತೇ ಹೇಳಬಹುದಿತ್ತು, ಆದರೆ ಅವಳ ದನಿ ಕೇಳಿ