ಹುತ್ತದ ಪುಟ್ಟ ಅಣಬೆ: ಬುಡ ಬಿಟ್ಟು ಬಂದರೆ ಹೆಸರಿಲ್ಲ

ಅಣಬೆ ಸರ್ವೆಗೆ ಹೊಸದಾಗಿ ಸೇರಿದವರ ಚೀಲದಲ್ಲಿ ಚಿವುಟಿ ತಂದ ಬಿಳಿ ಕೊಡೆಗಳೇ ಜಾಸ್ತಿ. ಬುಡವಿಲ್ಲದೆ ಬಂದ ಪುಟ್ಟ ಅಣಬೆಗೆ ಹೆಸರು ಹಚ್ಚುವುದು ಹೆಚ್ಚುಕಮ್ಮಿ ಊಹೆಯೇ.

ಪಶ್ಚಿಮ ಘಟ್ಟದ ಸೆರಗಿನಲ್ಲಿ ಮಳೆ ಹಿಡಿದ ಮೇಲೆ ಹುತ್ತದ ಸುತ್ತ ಅಕ್ಕಿ ಚೆಲ್ಲಿದ ಹಾಗೆ ನೂರಾರು ಏಳುತ್ತವಲ್ಲ, ಆ ಟರ್ಮಿಟೊಮೈಸಿಸ್ ಮೈಕ್ರೊಕಾರ್ಪಸ್ ತೆಗೆದುಕೊಳ್ಳಿ. ಕೊಡೆ ಅರ್ಧದಿಂದ ಎರಡು ಸೆಂಟಿಮೀಟರ್ ಅಗಲ, ನಡುವೆ ಮೊನಚು ಉಬ್ಬು, ಬಲಿತಾಗ ಅಂಚು ಸೀಳುತ್ತದೆ. ಅಡಿಯ ಪದರಗಳು ದಂಟಿಗೆ ಅಂಟಿರುವುದಿಲ್ಲ. ದಂಟಿನಲ್ಲಿ ಉಂಗುರವಿಲ್ಲ.

ಇಷ್ಟು ಸಾಲದು. ಚಾಕುವನ್ನು ಪಕ್ಕದಿಂದ ಐದು ಸೆಂಟಿಮೀಟರ್ ಇಳಿಸಿ ಮಣ್ಣಿನ ಹೆಂಟೆ ಸಮೇತ ಎತ್ತಿ. ಇದರ ದೊಡ್ಡ ಬಂಧುಗಳ ದಂಟು ಬೇರಿನ ಹಾಗೆ ಗೆದ್ದಲ ಗೂಡಿನವರೆಗೂ ಇಳಿದಿರುತ್ತದೆ. ಇದಕ್ಕೆ ಆ ಬಾಲವಿಲ್ಲ. ಗೆದ್ದಲು ತಾನು ಸಾಕಿದ ಶಿಲೀಂಧ್ರದ ತೋಟದ ಚೂರುಗಳನ್ನು ಮೇಲೆ ತಂದು ಹರಡುತ್ತದೆ, ಅಣಬೆ ಆ ಚೂರಿನಿಂದಲೇ ಹುಟ್ಟುತ್ತದೆ. ಮಣ್ಣು ಬಿಡಿಸಿ ಲೆನ್ಸ್ ಹಿಡಿದರೆ ದಂಟಿನ ತುದಿಯಲ್ಲಿ ಕಂದು ಬಣ್ಣದ ಸ್ಪಂಜಿನಂಥ ಹರಳು ಸಿಗುತ್ತದೆ. ಚಿವುಟಿದರೆ ಉಳಿದುಹೋಗುವುದು ಇದೇ.

ಮುಂದಿನದು ಬೀಜಕದ ಅಚ್ಚು, ಅಂದರೆ ಕೊಡೆಯಡಿಯಿಂದ ಉದುರುವ ಬೀಜಕಗಳ (ಸ್ಪೋರ್) ಪುಡಿಯ ಬಣ್ಣ ನೋಡುವುದು. ಒಂದು ಕೊಡೆಯಿಂದ ಉದುರುವ ಪುಡಿ ಕಣ್ಣಿಗೆ ಸಾಲುವುದಿಲ್ಲ. ನಾಲ್ಕೈದು ಕೊಡೆಗಳನ್ನು ಗಾಜಿನ ಸ್ಲೈಡಿನ ಮೇಲೆ ಕವುಚಿ, ಒಂದೊಂದರ ಮೇಲೂ ಒಂದು ತೊಟ್ಟು ನೀರಿಟ್ಟು, ಲೋಟ ಮುಚ್ಚಿ ರಾತ್ರಿಯಿಡೀ ಬಿಡಿ. ಬೆಳಿಗ್ಗೆ ಪುಡಿಯನ್ನು ಬ್ಲೇಡಿನಿಂದ ಒಟ್ಟು ಮಾಡಿ ನೋಡಿ. ತಿಳಿ ಗುಲಾಬಿ ಇದ್ದರೆ ದಾರಿ ಸರಿ. ಕಪ್ಪಾದರೆ ಕೊಳೆತ ಬೊಡ್ಡೆಯ ಸುತ್ತ ಗುಂಪು ಏಳುವ ಕೊಪ್ರಿನೆಲ್ಲಸ್ ಇರಬಹುದು. ಬಿಳಿ ಬಂದು, ಕೊಡೆಯ ಮೇಲೆ ಹೊಟ್ಟಿನಂಥ ಚಕ್ಕೆಯೂ ಇದ್ದರೆ ಲೆಪಿಯೋಟಾ ಅನುಮಾನ. ಆ ಕುಲದ ಕೆಲವು ಪುಟ್ಟ ಜಾತಿಗಳಲ್ಲಿ ಯಕೃತ್ತನ್ನು ಹಾಳುಮಾಡುವ ಅಮಾಟಾಕ್ಸಿನ್ ಇದೆ. ತಿಂದು ಆರು ಗಂಟೆ ಕಳೆದರೂ ಲಕ್ಷಣ ಕಾಣದೇ ಇರಬಹುದು. ಹುತ್ತದ ಪಕ್ಕ ಸಿಕ್ಕಿತು ಎಂಬುದೊಂದೇ ಗುರುತಲ್ಲ, ಅಲ್ಲೇ ಬೇರೆ ಅಣಬೆಯೂ ಏಳುತ್ತದೆ.

ಪ್ಲಾಸ್ಟಿಕ್ ಕವರ್ ಬೇಡ, ಬೆವರಿ ಮಧ್ಯಾಹ್ನದೊಳಗೆ ಲೋಳೆಯಾಗುತ್ತದೆ. ಖಾನೆಗಳಿರುವ ಡಬ್ಬಿ ಒಳ್ಳೆಯದು, ಇಲ್ಲದಿದ್ದರೆ ಪೇಪರ್ ಪೊಟ್ಟಣ. ಒಣಗಿಸುವಾಗ ಉಷ್ಣ 40–45 ಡಿಗ್ರಿ ಸೆಲ್ಸಿಯಸ್ ದಾಟದಿರಲಿ. ಒಣಗಿದ ಮೇಲೆ ಬಣ್ಣ, ವಾಸನೆ ಎರಡೂ ನಂಬಲು ಬಾರದು, ಹಸಿಯಿರುವಾಗಲೇ ಬರೆದುಕೊಳ್ಳಿ.